ಟೋನ್ ಕೊಡಿ: ಫೋನ್ ಲೈನಿನಲ್ಲಿ ಫ್ಯಾಕ್ಸ್ ನಡೆದುಬಂದ ದಾರಿ

ತೊಂಬತ್ತರ ದಶಕದಲ್ಲಿ ಮುಂಬಯಿಯ ಭಾಂಡುಪ್‌ನಲ್ಲಿ ಫ್ಯಾಕ್ಸ್ ಕಳಿಸಬೇಕಾದರೆ ಮೊದಲು ಬಾಯಲ್ಲಿ ಒಂದು ಮಾತು ಆಡಬೇಕಿತ್ತು. ಸ್ಟೇಷನ್ ರಸ್ತೆಯ ಎಸ್.ಟಿ.ಡಿ. ಬೂತ್‌ನವರು ನಂಬರು ಒತ್ತಿ, ಆ ಕಡೆ ಯಾರಾದರೂ ಎತ್ತಿದೊಡನೆ ‘ಟೋನ್ ದೇನಾ’ ಎನ್ನುತ್ತಿದ್ದರು. ಕರೆ ಉಡುಪಿಗೋ ಬೆಂಗಳೂರಿಗೋ ಆದರೆ ‘ಫ್ಯಾಕ್ಸ್ ಇದೆ, ಟೋನ್ ಕೊಡಿ’. ಆಚೆಯವರು ತಮ್ಮ ಯಂತ್ರದ ಸ್ಟಾರ್ಟ್ ಗುಂಡಿ ಒತ್ತುತ್ತಿದ್ದರು. ಉದ್ದನೆಯ ಒಂದು ಕೀರಲು ಸ್ವರ, ಅದರ ಹಿಂದೆಯೇ ತಡವರಿಸುವಂಥ ಗರಗರ, ಮತ್ತೆ ಮೌನ, ಮತ್ತೆ ಗರಗರ. ಆಮೇಲೆ ಕಾಗದ ನಿಧಾನಕ್ಕೆ ಯಂತ್ರದೊಳಗೆ ಸರಿಯುತ್ತಿತ್ತು. ಗಿರಾಕಿಯ ಕಣ್ಣು ಕಾಗದದ ಮೇಲಿರುತ್ತಿತ್ತು. ಆದರೆ ಮುಖ್ಯವಾದ ಕೆಲಸ ಕಾಗದ ಅಲುಗುವುದಕ್ಕೆ ಮುಂಚೆಯೇ, ಆ ಗರಗರದಲ್ಲಿ ಮುಗಿದಿರುತ್ತಿತ್ತು.

ಫ್ಯಾಕ್ಸ್‌ನ ಇತಿಹಾಸವನ್ನು ಚಿತ್ರ ಓದುವ, ಚಿತ್ರ ಮುದ್ರಿಸುವ ಉಪಕರಣಗಳ ಇತಿಹಾಸವಾಗಿ ಬರೆಯುವುದು ವಾಡಿಕೆ. ನನಗೆ ಅದು ಒಪ್ಪಂದಗಳ ಇತಿಹಾಸವಾಗಿ ಕಾಣುತ್ತದೆ. ಕಾಗದದ ಕಪ್ಪು ಬಿಳುಪನ್ನು ವಿದ್ಯುತ್ತಿಗೆ ಇಳಿಸುವ ದಾರಿ 1843ರಲ್ಲೇ ಗೊತ್ತಿತ್ತು. ಬೇರೆ ಬೇರೆ ಕಂಪನಿಗಳು ಮಾಡಿದ, ಒಂದನ್ನೊಂದು ಕಂಡರಿಯದ ಎರಡು ಯಂತ್ರಗಳು ಸಾಮಾನ್ಯ ಫೋನ್ ಲೈನಿನ ಮೇಲೆ ತಾವೇ ಮಾತುಕತೆ ನಡೆಸಿ, ಪುಟವನ್ನು ಒಂದು ನಿಮಿಷದೊಳಗೆ ದಾಟಿಸುವ ಹಂತಕ್ಕೆ ಬರಲು 1980ರವರೆಗೆ ಕಾಯಬೇಕಾಯಿತು. ಆ 137 ವರ್ಷಗಳಲ್ಲಿ ತಡವಾದದ್ದು ಹೆಚ್ಚಾಗಿ ಒಪ್ಪಂದವೇ.

ಮೊದಲ ಪೇಟೆಂಟ್ ಪಡೆದ ಅಲೆಕ್ಸಾಂಡರ್ ಬೇನ್ ಸ್ಕಾಟ್ಲೆಂಡಿನ ಗಡಿಯಾರ ತಯಾರಕ. ಗಡಿಯಾರದವನ ಕೈಗೇ ಈ ಕೆಲಸ ಬಂದದ್ದು ಆಕಸ್ಮಿಕವೇನಲ್ಲ. ಇತ್ತ ಒಂದು ಸೂಜಿ ಉಬ್ಬಕ್ಷರಗಳ ಮೇಲೆ ಸಾಲು ಸಾಲಾಗಿ ಸವರಿಕೊಂಡು ಹೋಗುತ್ತಿದ್ದರೆ, ಅತ್ತ ಇನ್ನೊಂದು ಸೂಜಿ ರಾಸಾಯನಿಕ ಲೇಪಿಸಿದ ಕಾಗದದ ಮೇಲೆ ಅದೇ ಕ್ಷಣದಲ್ಲಿ ಅದೇ ಜಾಗದಲ್ಲಿರಬೇಕು. ಚೂರು ಹಿಂದುಮುಂದಾದರೂ ಅಕ್ಷರ ಓರೆಯಾಗುತ್ತದೆ, ಇನ್ನೂ ತಪ್ಪಿದರೆ ಪುಟವೇ ಕಲಸಿಹೋಗುತ್ತದೆ. ಬೇನ್ ಎರಡೂ ಕಡೆ ಲೋಲಕಗಳನ್ನು ಒಂದೇ ತಾಳಕ್ಕೆ ಕಟ್ಟಲು ನೋಡಿದ. ಇಂಗ್ಲೆಂಡಿನ ಫ್ರೆಡರಿಕ್ ಬೇಕ್‌ವೆಲ್ ತಿರುಗುವ ಉರುಳೆಯನ್ನು ತಂದು, 1851ರ ಲಂಡನ್ ಮಹಾಪ್ರದರ್ಶನದಲ್ಲಿ ತೋರಿಸಿದ. ಇಟಲಿಯ ಪಾದ್ರಿ ಜಿಯೋವನ್ನಿ ಕಸೆಲ್ಲಿಯ ‘ಪ್ಯಾಂಟೆಲಿಗ್ರಾಫ್’ 1865ರಲ್ಲಿ ಪ್ಯಾರಿಸ್ ಮತ್ತು ಲಿಯಾನ್ ನಡುವೆ ಸಾರ್ವಜನಿಕ ಸೇವೆಗೇ ಇಳಿಯಿತು. ಟೆಲಿಫೋನ್ ಹುಟ್ಟುವುದಕ್ಕೆ ಸುಮಾರು ಹತ್ತು ವರ್ಷ ಮೊದಲು ಜನ ತಮ್ಮ ಕೈಬರಹವನ್ನು, ಸಹಿಯನ್ನು ತಂತಿಯಲ್ಲಿ ಕಳಿಸುತ್ತಿದ್ದರು ಎಂಬುದನ್ನು ನಮ್ಮಲ್ಲಿ ಬಹಳ ಮಂದಿ ಅರಿಯರು.

ಮುಂದಿನ ಸುಮಾರು ನೂರು ವರ್ಷ ಈ ವಿದ್ಯೆ ಪತ್ರಿಕೆಗಳ ಕೈಯಲ್ಲಿ ಬೆಳೆಯಿತು. ಜರ್ಮನಿಯ ಆರ್ಥರ್ ಕಾರ್ನ್ ಸೆಲೆನಿಯಂ ಬಳಸಿ ಬೆಳಕನ್ನೇ ಓದುವ ಯಂತ್ರ ಮಾಡಿದ. 1935ರಲ್ಲಿ ಅಸೋಸಿಯೇಟೆಡ್ ಪ್ರೆಸ್ ತನ್ನ ‘ವೈರ್‌ಫೋಟೋ’ ಜಾಲವನ್ನು ತೆರೆಯಿತು. ನಮ್ಮ ದೇಶದಲ್ಲಿ ‘ದಿ ಹಿಂದೂ’ 1969ರಲ್ಲಿ ಇಡೀ ಪುಟಗಳನ್ನೇ ಹೀಗೆ ಬೇರೆ ಊರಿನ ಮುದ್ರಣಾಲಯಕ್ಕೆ ಕಳಿಸುವ ವ್ಯವಸ್ಥೆ ಮಾಡಿಕೊಂಡಿತು. ಇವೆಲ್ಲ ಮೀಸಲು ಲೈನುಗಳು, ಎರಡೂ ತುದಿಯಲ್ಲಿ ಒಂದೇ ಬಗೆಯ ಯಂತ್ರ, ತರಬೇತಾದ ಸಿಬ್ಬಂದಿ. ಹೊಸದಾಗಿ ಒಪ್ಪಂದ ಮಾಡಿಕೊಳ್ಳುವ ಅಗತ್ಯವೇ ಅಲ್ಲಿರಲಿಲ್ಲ.

ಕಚೇರಿಯ ಮೇಜಿಗೆ ಫ್ಯಾಕ್ಸ್ ಬಂದದ್ದು 1966ರಲ್ಲಿ ಜೆರಾಕ್ಸ್ ಕಂಪನಿಯ ಟೆಲಿಕಾಪಿಯರ್ ಮೂಲಕ. ಸುಮಾರು 21 ಕಿಲೋ ತೂಕ, ಒಂದು ಪುಟಕ್ಕೆ 6 ನಿಮಿಷ. ಫೋನ್ ಕಂಪನಿಗಳು ತಮ್ಮ ತಂತಿಗೆ ಪರರ ಯಂತ್ರ ತಾಗಿಸಲು ಬಿಡುತ್ತಿರಲಿಲ್ಲವಾದ್ದರಿಂದ, ರಿಸೀವರನ್ನೇ ಒಂದು ತೊಟ್ಟಿಲಲ್ಲಿ ಮಲಗಿಸಿ ಅದರ ಬಾಯಿಗೆ ಸದ್ದು ಊದಬೇಕಿತ್ತು. ಅಮೆರಿಕದಲ್ಲಿ ಆ ನಿಷೇಧ 1968ರ ಕಾರ್ಟರ್‌ಫೋನ್ ತೀರ್ಪಿನಿಂದ ಸಡಿಲವಾಯಿತು. ಅದೇ ವರ್ಷ ಅಂತರರಾಷ್ಟ್ರೀಯ ದೂರಸಂಪರ್ಕ ಸಮಿತಿಯಾದ ಸಿ.ಸಿ.ಐ.ಟಿ.ಟಿ. ‘ಗ್ರೂಪ್ 1’ ಎಂಬ ಮೊದಲ ನಿಯಮ ರೂಪಿಸಿತು: ಕಪ್ಪಿಗೊಂದು ಸ್ವರ, ಬಿಳುಪಿಗೊಂದು ಸ್ವರ, ಪುಟಕ್ಕೆ 6 ನಿಮಿಷ. 1976ರ ‘ಗ್ರೂಪ್ 2’ ಅದನ್ನು 3 ನಿಮಿಷಕ್ಕೆ ತಂದಿತು. ಇವೆರಡರಲ್ಲೂ ಬರಿಯ ಬಿಳಿ ಅಂಚಿಗೂ ಅಕ್ಷರ ತುಂಬಿದ ಸಾಲಿಗೂ ಒಂದೇ ಸಮಯ ಹಿಡಿಯುತ್ತಿತ್ತು. 1980ರ ‘ಗ್ರೂಪ್ 3’ ಪುಟವನ್ನು ಅಂಕಿಗಳಾಗಿ ಮುರಿಯಿತು. ಭಾಂಡುಪ್‌ನ ಬೂತ್‌ಗಳಲ್ಲಿ ನಾವು ಕಂಡದ್ದೆಲ್ಲ ಇದನ್ನೇ. ಅದಕ್ಕಿಂತ ಮೇಲಿನ ‘ಗ್ರೂಪ್ 4’ 1984ರಲ್ಲಿ ಬಂತು. ಅದಕ್ಕೆ ಐ.ಎಸ್.ಡಿ.ಎನ್. ಎಂಬ ಬೇರೆಯೇ ಡಿಜಿಟಲ್ ಲೈನು ಬೇಕಾಗಿತ್ತು, ಹಾಗಾಗಿ ಅದು ಜನರ ನಡುವೆ ಹರಡಲೇ ಇಲ್ಲ. ಇರುವ ಲೈನಿನಲ್ಲೇ ಕೆಲಸ ಮಾಡಿದ್ದು ಗೆದ್ದಿತು.

ಇರುವ ಲೈನು ಅಂದರೆ ಏನು? ಎಕ್ಸ್‌ಚೇಂಜಿನಿಂದ ಮನೆಗೆ ಬರುವ ಒಂದು ಜೊತೆ ತಾಮ್ರದ ತಂತಿ, ಅದರ ಮೇಲೆ ಎಕ್ಸ್‌ಚೇಂಜಿನ ಬ್ಯಾಟರಿಯ 48 ವೋಲ್ಟ್. ರಿಸೀವರ್ ಎತ್ತಿದಾಗ ಕರೆಂಟು ಹರಿದು, ಯಾರೋ ಎತ್ತಿದ್ದಾರೆಂದು ಎಕ್ಸ್‌ಚೇಂಜಿಗೆ ತಿಳಿಯುತ್ತದೆ. ಫ್ಯಾಕ್ಸ್ ಯಂತ್ರವೂ ಮೊದಲು ಮಾಡುವುದು ಇಷ್ಟೇ: ಎತ್ತುತ್ತದೆ, ನಂಬರು ಒತ್ತುತ್ತದೆ. ಈ ಜಾಲ ಮನುಷ್ಯರ ದನಿಗಾಗಿ ಕಟ್ಟಿದ್ದು. ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಕಂಪನಗಳನ್ನು ಮಾತ್ರ ಅದು ಆಚೆಗೆ ದಾಟಿಸುತ್ತದೆ. ಆದ್ದರಿಂದ ಕಳಿಸುವುದು ಏನೇ ಆಗಿರಲಿ, ಆ ಮಿತಿಯೊಳಗಿನ ಸದ್ದಾಗಿ ಮಾರ್ಪಡಬೇಕು. ಆ ಮಾರ್ಪಾಡಿನ ಸಾಧನವೇ ಮೋಡೆಮ್.

ಕರೆ ಮಾಡಿದ ಯಂತ್ರ ಮೂರು ಮೂರು ಸೆಕೆಂಡಿಗೊಮ್ಮೆ 1100 ಹರ್ಟ್ಸ್‌ನ ಅರ್ಧ ಸೆಕೆಂಡಿನ ಒಂದು ಕೂಗು ಹಾಕುತ್ತದೆ. ನಮ್ಮ ಮನೆಯ ಫೋನಿಗೆ ತಪ್ಪಿ ಬಂದ ಕರೆಯಲ್ಲಿ ಬಿಟ್ಟು ಬಿಟ್ಟು ಕೇಳುತ್ತಿದ್ದ ‘ಪೀ’ ಅದೇ. ಎತ್ತಿಕೊಂಡ ಯಂತ್ರ 2100 ಹರ್ಟ್ಸ್‌ನ ಸ್ವರವನ್ನು ಸುಮಾರು ಮೂರು ಸೆಕೆಂಡು ಎಳೆಯುತ್ತದೆ. ಬೂತ್‌ನವರು ಕೇಳುತ್ತಿದ್ದ ‘ಟೋನ್’ ಇದು. ಇದಕ್ಕೆ ಇನ್ನೊಂದು ಕೆಲಸವೂ ಉಂಟು. ದೂರದ ಲೈನುಗಳಲ್ಲಿ ಮಾತಿನ ಪ್ರತಿಧ್ವನಿ ತಡೆಯುವ ಉಪಕರಣಗಳು ಇರುತ್ತವೆ. ಈ ಸ್ವರ ಕೇಳಿದೊಡನೆ ಅವು ಸುಮ್ಮನಾಗುತ್ತವೆ.

ಅನಂತರದ್ದು ಮಾತುಕತೆ. ಲೋಕಲ್ ರೈಲಿನಲ್ಲಿ ಅಪರಿಚಿತರಿಬ್ಬರು ಎದುರುಬದುರು ಕೂತಾಗ ಮೊದಲು ಎಲ್ಲರಿಗೂ ಗೊತ್ತಿರುವ ಮುಂಬಯಿ ಹಿಂದಿಯಲ್ಲಿ ಶುರುಮಾಡಿ, ಒಬ್ಬರಿಗೊಬ್ಬರು ಯಾವ ಯಾವ ಭಾಷೆ ಬರುತ್ತದೆಂದು ಅಳೆದುಕೊಳ್ಳುವುದುಂಟಲ್ಲ, ಹಾಗೆ. ಯಂತ್ರಗಳ ಪಾಲಿಗೆ ಆ ಸಾಮಾನ್ಯ ಭಾಷೆ ವಿ.21 ಎಂಬ ಅತಿ ನಿಧಾನದ ಕ್ರಮ: 1650 ಮತ್ತು 1850 ಹರ್ಟ್ಸ್‌ನ ಎರಡು ಸ್ವರ, ಸೆಕೆಂಡಿಗೆ ಬರೀ 300 ಬಿಟ್. ಎಷ್ಟೇ ಕೆಟ್ಟ ಲೈನಿನಲ್ಲೂ ಅದು ದಾಟುತ್ತದೆ ಎಂಬುದಕ್ಕೇ ಅದನ್ನು ಆರಿಸಿದರು. ಅದರಲ್ಲಿ ಸ್ವೀಕರಿಸುವ ಯಂತ್ರ ಮೊದಲು ತನ್ನ ಸಾಮರ್ಥ್ಯ ಒಪ್ಪಿಸುತ್ತದೆ: ಇಷ್ಟು ವೇಗ ಬರುತ್ತದೆ, ಇಷ್ಟು ಸೂಕ್ಷ್ಮ ಗೆರೆ ಬರುತ್ತದೆ, ಕಾಗದದ ಅಗಲ ಇಷ್ಟು, ತಪ್ಪು ತಿದ್ದುವ ಕ್ರಮ ಬರುತ್ತದೆ ಅಥವಾ ಬರುವುದಿಲ್ಲ. ಜೊತೆಗೆ 20 ಅಕ್ಷರದೊಳಗೆ ತನ್ನ ಗುರುತು, ಸಾಮಾನ್ಯವಾಗಿ ಫೋನ್ ನಂಬರು. ಕಳಿಸುವ ಯಂತ್ರ ತನಗೂ ಬರುವುದನ್ನು ಅದರಲ್ಲಿ ಆರಿಸಿ, ‘ಹೀಗೆ ಕಳಿಸುತ್ತೇನೆ’ ಎನ್ನುತ್ತದೆ. ಎರಡೂ ಒಂದೇ ಕಂಪನಿಯವಾದರೆ ತಮ್ಮದೇ ಖಾಸಗಿ ಕ್ರಮಕ್ಕೆ ಹೊರಳುವ ಅವಕಾಶವೂ ನಿಯಮದಲ್ಲಿದೆ. ಎದುರಿಗಿದ್ದವರು ತುಳುವರೆಂದು ಗೊತ್ತಾದೊಡನೆ ನಮ್ಮವರು ತುಳುವಿಗೆ ತಿರುಗುವಂತೆ.

ಮಾತು ಕೊಟ್ಟರೆ ಸಾಲದು, ಲೈನು ಅದನ್ನು ತಾಳಬೇಕು. ಅದಕ್ಕೊಂದು ಪರೀಕ್ಷೆ. ಒಪ್ಪಿದ ವೇಗದಲ್ಲಿ ಒಂದೂವರೆ ಸೆಕೆಂಡು ಬರೀ ಸೊನ್ನೆಗಳನ್ನು ಕಳಿಸುತ್ತಾರೆ. ಆಚೆಗೆ ಸೊನ್ನೆಗಳೇ ತಲುಪಿದರೆ ‘ಸರಿ’ ಎಂಬ ಉತ್ತರ. ಅದು ಕೆಟ್ಟರೆ ಕಳಿಸುವ ಯಂತ್ರ ವೇಗ ಇಳಿಸಿ ಮತ್ತೆ ಪರೀಕ್ಷಿಸುತ್ತದೆ: 9600, 7200, 4800, 2400. 1991ರಲ್ಲಿ ಬಂದ ವಿ.17 ಕ್ರಮ ಮೇಲಿನ ತುದಿಯನ್ನು 14400ಕ್ಕೆ ಏರಿಸಿತು. ಗರಗರ ಎರಡು ಮೂರು ಸಲ ಮರುಕಳಿಸಿದರೆ ಬೂತ್‌ನವರು ‘ಲೈನ್ ಖರಾಬ್ ಹೈ’ ಎನ್ನುತ್ತಿದ್ದುದು ಅಕ್ಷರಶಃ ನಿಜ. ಯಂತ್ರ ಒಂದೊಂದೇ ಮೆಟ್ಟಿಲು ಇಳಿಯುತ್ತಿರುವುದನ್ನು ಅವರ ಕಿವಿ ಗುರುತಿಸುತ್ತಿತ್ತು.

ಈಗ ಪುಟ. ಗ್ರೂಪ್ 3 ಯಂತ್ರ ಪುಟದ ಅಗಲಕ್ಕೆ 1728 ಚುಕ್ಕೆಗಳನ್ನು ಓದುತ್ತದೆ, ಉದ್ದಕ್ಕೆ ಪ್ರತಿ ಮಿಲಿಮೀಟರಿಗೆ 3.85 ಸಾಲು. ಒಂದು ಎ4 ಪುಟಕ್ಕೆ ಸುಮಾರು 20 ಲಕ್ಷ ಚುಕ್ಕೆ. ಒಂದೊಂದನ್ನೂ ಹಾಗೇ ಕಳಿಸಿದರೆ 9600ರ ವೇಗದಲ್ಲೂ ಮೂರು ನಿಮಿಷ ಮೀರುತ್ತದೆ. ಗ್ರೂಪ್ 2ಕ್ಕಿಂತ ಏನೂ ಲಾಭವಿಲ್ಲ. ಆದರೆ ಬರೆದ ಪುಟದಲ್ಲಿ ಬಿಳುಪೇ ಹೆಚ್ಚು, ಅದೂ ಉದ್ದುದ್ದ ಓಟವಾಗಿ ಬರುತ್ತದೆ. ಹಾಗಾಗಿ ಚುಕ್ಕೆಗಳ ಬದಲು ‘ಇಷ್ಟು ಬಿಳಿ, ಇಷ್ಟು ಕಪ್ಪು’ ಎಂಬ ಲೆಕ್ಕ ಕಳಿಸುತ್ತಾರೆ, ಪದೇ ಪದೇ ಬರುವ ಲೆಕ್ಕಕ್ಕೆ ಗಿಡ್ಡ ಸಂಕೇತ, ಅಪರೂಪದ್ದಕ್ಕೆ ಉದ್ದ ಸಂಕೇತ. ಇದರ ಮೂಲ ಡೇವಿಡ್ ಹಫ್‌ಮನ್ ವಿದ್ಯಾರ್ಥಿಯಾಗಿದ್ದಾಗ ಕಂಡುಕೊಂಡು 1952ರಲ್ಲಿ ಪ್ರಕಟಿಸಿದ ಗಣಿತ. ಪೂರಾ ಬಿಳಿಯ ಒಂದು ಸಾಲಿನ 1728 ಚುಕ್ಕೆಗಳು ಬರೀ 17 ಬಿಟ್‌ಗಳಲ್ಲಿ ಮುಗಿಯುತ್ತವೆ, ಸಾಲಿನ ಕೊನೆಯ ಗುರುತಿಗೆ ಇನ್ನೊಂದು 12. ಒಂದು ಸಾಲು ಮೇಲಿನ ಸಾಲಿಗಿಂತ ಎಲ್ಲಿ ಬೇರೆಯಾಗಿದೆ ಎಂಬುದನ್ನಷ್ಟೇ ಹೇಳುವ ಇನ್ನೊಂದು ಸಂಕೇತಕ್ರಮ ಜಪಾನಿನ ಕೊಡುಗೆ. ಕಾಂಜಿ ಅಕ್ಷರಗಳನ್ನು ಟೆಲೆಕ್ಸ್‌ನಲ್ಲಿ ಬಡಿಯಲಾಗದ ಆ ದೇಶಕ್ಕೆ ಫ್ಯಾಕ್ಸ್ ಬೇರೆಲ್ಲರಿಗಿಂತ ಹೆಚ್ಚು ಬೇಕಾಗಿತ್ತು.

ಪುಟ ಮುಗಿದ ಮೇಲೆ ಮತ್ತೆ ಆ 300 ಬಿಟ್‌ನ ನಿಧಾನದ ಮಾತು: ‘ಮುಗಿಯಿತು’, ‘ತಲುಪಿತು’, ‘ಇಡುತ್ತೇನೆ’. ‘ತಲುಪಿತು’ ಎಂಬ ಆ ಉತ್ತರದಿಂದಲೇ ಯಂತ್ರ ‘ಓಕೆ’ ಎಂಬ ಚೀಟಿಯನ್ನು ಮುದ್ರಿಸುತ್ತಿತ್ತು, ಅದನ್ನು ಮೂಲಪ್ರತಿಗೆ ಸ್ಟೇಪಲ್ ಹೊಡೆದು ಫೈಲಿಗೆ ಹಾಕುತ್ತಿದ್ದರು. ಅಂಚೆಯಲ್ಲಿ ಇದಕ್ಕೆ ರಿಜಿಸ್ಟರ್ಡ್ ಮಾಡಿ ದಿನಗಟ್ಟಲೆ ಕಾಯಬೇಕಿತ್ತು. ಫ್ಯಾಕ್ಸ್‌ಗೆ ವ್ಯಾಪಾರಿಗಳು ಕೊಟ್ಟ ಗೌರವಕ್ಕೆ ವೇಗಕ್ಕಿಂತ ಈ ಚೀಟಿಯೇ ದೊಡ್ಡ ಕಾರಣ ಎಂದು ನಾನು ನಂಬಿದ್ದೇನೆ.

ಇಷ್ಟೆಲ್ಲ ಜಾಗ್ರತೆ ಯಾಕೆ ಬೇಕಾಗಿತ್ತು ಎಂಬುದು ಮುಂಬಯಿಯ ಲೈನುಗಳನ್ನು ಕಂಡವರಿಗೆ ಚೆನ್ನಾಗಿ ಗೊತ್ತು. 1882ರಲ್ಲೇ ಎಕ್ಸ್‌ಚೇಂಜ್ ಕಂಡ ನಗರ ಇದು. ಎಂ.ಟಿ.ಎನ್.ಎಲ್. 1986ರ ಏಪ್ರಿಲ್ 1ರಂದು ಇದರ ಜಾಲವನ್ನು ವಹಿಸಿಕೊಂಡಾಗ ಹಳೆಯ ಸ್ಟ್ರೌಜರ್, ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಕ್ರಾಸ್‌ಬಾರ್, ಹೊಸದಾಗಿ ಬರತೊಡಗಿದ್ದ ಡಿಜಿಟಲ್ ಎಕ್ಸ್‌ಚೇಂಜ್ ಎಲ್ಲವೂ ಅಕ್ಕಪಕ್ಕದಲ್ಲೇ ದುಡಿಯುತ್ತಿದ್ದ ಕಾಲ. ಹಳೆಯ ಎಕ್ಸ್‌ಚೇಂಜುಗಳಲ್ಲಿ ಲೋಹದ ಬೆರಳುಗಳು ಒಂದಕ್ಕೊಂದು ತಾಗಿ ಬಿಡುವಾಗ ಲೈನಿನಲ್ಲಿ ‘ಟಕ್’ ಎಂಬ ಸದ್ದು ಹೊಗುತ್ತಿತ್ತು. ಮಾತಾಡುವವರಿಗೆ ಅದರ ಪರಿವೆಯಿರಲಿಲ್ಲ. ಫ್ಯಾಕ್ಸ್‌ಗೆ ಮಾತ್ರ ಅದೇ ಕ್ಷಣದಲ್ಲಿ ಕೆಲವು ಬಿಟ್ ಹಾಳಾಗಿ, ಪುಟದ ಮೇಲೆ ಅಡ್ಡಗೆರೆಯೊಂದು ಹರಿದಂತೆ ಕಾಣುತ್ತಿತ್ತು. ಸಾಲಿನ ಕೊನೆಯ ಗುರುತು ಇದ್ದುದರಿಂದ ಮುಂದಿನ ಸಾಲು ಮತ್ತೆ ಹಳಿಗೆ ಬರುತ್ತಿತ್ತು. ಇಡೀ ಪುಟ ಕೆಡುತ್ತಿರಲಿಲ್ಲ.

ಇದಕ್ಕಿಂತ ದೊಡ್ಡ ಶತ್ರು ಮಳೆ. ಭಾಂಡುಪ್ ಪೂರ್ವಕ್ಕೆ ಉಪ್ಪಿನಗದ್ದೆ ಮತ್ತು ಠಾಣೆ ಖಾಡಿ, ಪಶ್ಚಿಮಕ್ಕೆ ಗುಡ್ಡದ ಮೇಲಿನಿಂದ ಇಳಿಯುವ ನೀರು, ನಡುವೆ ತಗ್ಗಿನಲ್ಲಿ ಎಲ್.ಬಿ.ಎಸ್. ಮಾರ್ಗ. ನೆಲದಡಿಯ ಕೇಬಲ್ಲಿನ ಜಾಯಿಂಟ್‌ಗಳಿಗೆ, ರಸ್ತೆಬದಿಯ ಪಿಲ್ಲರ್‌ಗಳಿಗೆ, ಗೋಡೆಯ ಡಿ.ಪಿ. ಬಾಕ್ಸ್‌ಗಳಿಗೆ ತೇವ ಹೊಕ್ಕರೆ ಎರಡು ತಂತಿಗಳ ನಡುವೆ ಕರೆಂಟು ಸೋರುತ್ತದೆ, ಪಕ್ಕದ ಜೋಡಿಯ ಮಾತು ಇದರಲ್ಲಿ ಕೇಳಿಸುತ್ತದೆ, ಸ್ವರಗಳು ಮಂಕಾಗುತ್ತವೆ. ಜುಲೈ ತಿಂಗಳಲ್ಲಿ ಒಂದು ಪುಟಕ್ಕೆ ಜನವರಿಗಿಂತ ಹೆಚ್ಚು ಹೊತ್ತು, ಹೆಚ್ಚು ದುಡ್ಡು ಬೀಳುತ್ತಿದ್ದುದಕ್ಕೆ ಕಾರಣ ಯಂತ್ರವಲ್ಲ, ಪರೀಕ್ಷೆಯಲ್ಲಿ ಸೋತು ಕೆಳಗಿಳಿದ ವೇಗ. ಕೇಬಲ್ಲಿನೊಳಗೆ ನೀರು ನುಗ್ಗದಂತೆ ಜೆಲ್ಲಿ ತುಂಬಿದ ಕೇಬಲ್‌ಗಳು ಬಂದದ್ದು, ಡಿಜಿಟಲ್ ಎಕ್ಸ್‌ಚೇಂಜುಗಳು ಹರಡಿದ್ದು, ತಪ್ಪಿದ ತುಣುಕುಗಳನ್ನಷ್ಟೇ ಮತ್ತೆ ಕೇಳಿ ಪಡೆಯುವ ತಿದ್ದುಪಡಿ ಕ್ರಮ ಯಂತ್ರಗಳಲ್ಲಿ ಸಾಮಾನ್ಯವಾದದ್ದು, ಈ ಮೂರೂ ಒಟ್ಟಾಗಿ ಫ್ಯಾಕ್ಸನ್ನು ನಂಬುವಂತೆ ಮಾಡಿದವು. ಮಳೆಯಲ್ಲಿ ಪಿಲ್ಲರ್ ತೆರೆದು ನೂರಾರು ತಂತಿಗಳ ನಡುವೆ ಒಂದು ಜೋಡಿಯನ್ನು ಹುಡುಕಿ ಒಣಗಿಸುತ್ತಿದ್ದ ಲೈನ್‌ಮ್ಯಾನ್‌ಗಳ ಪಾಲು ಯಾವ ತಾಂತ್ರಿಕ ಇತಿಹಾಸದಲ್ಲೂ ದಾಖಲಾಗಿಲ್ಲ. ಅದು ದಾಖಲಾಗಬೇಕು.

ಬೂತ್‌ನ ಗಿರಾಕಿಗಳು ಯಾರಿದ್ದರು? ಸಿಯಟ್, ಏಷ್ಯನ್ ಪೇಂಟ್ಸ್‌ನಂಥ ದೊಡ್ಡ ಕಾರ್ಖಾನೆಗಳಿಗೆ ತಮ್ಮದೇ ಟೆಲೆಕ್ಸ್, ಫ್ಯಾಕ್ಸ್ ಇಡುವ ಶಕ್ತಿಯಿತ್ತು. ಎಲ್.ಬಿ.ಎಸ್. ಮಾರ್ಗದ ಗಾಲಾಗಳೆಂಬ ಸಣ್ಣ ಕಾರ್ಖಾನೆ ಕೋಣೆಗಳಲ್ಲಿ ಲೇತ್ ಇಟ್ಟುಕೊಂಡವರಿಗೆ, ಬಿಡಿಭಾಗ ಮಾಡುವವರಿಗೆ, ಹೋಟೆಲ್ ನಡೆಸುವ ನಮ್ಮ ಕರಾವಳಿಯವರಿಗೆ ಬೂತ್‌ನ ಯಂತ್ರವೇ ಗತಿ. ನಕ್ಷೆ ಇಲ್ಲದೆ ಬಿಡಿಭಾಗದ ಆರ್ಡರ್ ಇಲ್ಲ. ನಕ್ಷೆಯನ್ನು ಟೆಲಿಗ್ರಾಂ ಒಯ್ಯಲಾರದು, ಫೋನಿನಲ್ಲಿ ಓದಿ ಹೇಳಲಾಗದು. ಅಳತೆ ಬರೆದ ಕೈಚಿತ್ರವೊಂದು ಪುಣೆಯಿಂದ ಭಾಂಡುಪ್‌ಗೆ ಒಂದು ನಿಮಿಷದಲ್ಲಿ ತಲುಪತೊಡಗಿದ್ದು ಈ ಸಣ್ಣ ಉದ್ಯಮಗಳ ಮಟ್ಟಿಗೆ ದೊಡ್ಡ ಬದಲಾವಣೆ.

ಮುಂಬಯಿ ಕನ್ನಡಿಗರಿಗೆ ಇದರಿಂದ ದೊರೆತದ್ದು ಇನ್ನೂ ಹೆಚ್ಚಿನದು. ಟೆಲೆಕ್ಸ್‌ನ ಕೀಲಿಮಣೆಯಲ್ಲಿ ಕನ್ನಡ ಇರಲಿಲ್ಲ. ಟೆಲಿಗ್ರಾಂಗೆ ಕೊಟ್ಟ ಕನ್ನಡದ ಮಾತು ಬೇರೆ ಲಿಪಿಯಲ್ಲಿ ಹೊರಡಬೇಕಿತ್ತು. ಕಂಪ್ಯೂಟರಿನ ಕನ್ನಡ ಫಾಂಟುಗಳು ಒಂದು ಯಂತ್ರದಲ್ಲಿ ಒಂದು ಬಗೆ, ಇನ್ನೊಂದರಲ್ಲಿ ಇನ್ನೊಂದು ಬಗೆಯಾಗಿ, ಕಳಿಸಿದ ಕಡತ ಆಚೆಗೆ ತೆರೆಯುವಾಗ ಗೊಂದಲದ ಗುರುತುಗಳಾಗುತ್ತಿದ್ದವು. ಫ್ಯಾಕ್ಸ್ ಲಿಪಿಯನ್ನು ಕೇಳುವುದೇ ಇಲ್ಲ. ಅದಕ್ಕೆ ಎಲ್ಲವೂ ಕಪ್ಪು ಬಿಳುಪಿನ ಓಟ. ಸಂಘದ ಸಭೆಯ ವರದಿ, ಯಕ್ಷಗಾನ ಪ್ರದರ್ಶನದ ಪ್ರಕಟಣೆ, ಊರಿನ ಜಾಗದ ಪತ್ರ, ಮದುವೆ ಮಾತುಕತೆಯ ಜಾತಕ, ಪತ್ರಿಕೆಗೆ ಲೇಖನ, ಇವೆಲ್ಲ ಬರೆದವರ ಕೈಬರಹದಲ್ಲೇ ಅದೇ ದಿನ ಊರು ತಲುಪತೊಡಗಿದವು. ತಂತಿ ಕನ್ನಡವನ್ನು ಕನ್ನಡವಾಗಿಯೇ ಎಲ್ಲರಿಗೂ ಒಯ್ದುಕೊಟ್ಟದ್ದು ಮೊದಲ ಬಾರಿಗೆ ಆಗ.

ಹಾಗೆಂದು ನಿಯಮ ರೂಪಿಸಿದವರ ಕಣ್ಣಲ್ಲಿ ನಮ್ಮ ಲಿಪಿ ಇತ್ತು ಎಂದಲ್ಲ. ಸಂಕೇತಕ್ರಮಗಳನ್ನು ಹೋಲಿಸಿ ನೋಡಲು ಸಿ.ಸಿ.ಐ.ಟಿ.ಟಿ. ಇಟ್ಟುಕೊಂಡಿದ್ದ ಎಂಟು ಮಾದರಿ ಪುಟಗಳಲ್ಲಿ ಟೈಪ್ ಮಾಡಿದ ಇಂಗ್ಲಿಷ್ ಪತ್ರವಿತ್ತು, ಫ್ರೆಂಚ್ ಪುಟಗಳಿದ್ದವು, ಜಪಾನಿ ಪುಟವಿತ್ತು. ಭಾರತದ ಯಾವ ಲಿಪಿಯೂ ಇರಲಿಲ್ಲ. ಪರಿಣಾಮ ಪುಟದ ಮೇಲೆ ಕಾಣುತ್ತಿತ್ತು. ಸಾಮಾನ್ಯ ಮಟ್ಟದಲ್ಲಿ ಮಿಲಿಮೀಟರಿಗೆ 3.85 ಸಾಲು ಎಂದರೆ, ಎರಡು ಮಿಲಿಮೀಟರ್ ಎತ್ತರದ ಒತ್ತಕ್ಷರಕ್ಕೆ ಸಿಗುವುದು ಏಳೆಂಟು ಸಾಲು. ಕ-ಒತ್ತು ಯಾವುದು ತ-ಒತ್ತು ಯಾವುದು ಎಂದು ಊಹಿಸಿ ಓದಬೇಕು. ‘ಫೈನ್’ ಗುಂಡಿ ಒತ್ತಿದರೆ ಸಾಲು 7.7ಕ್ಕೆ ಏರಿ ಅಕ್ಷರ ತಿಳಿಯಾಗುತ್ತಿತ್ತು, ಆದರೆ ಕಳಿಸುವ ಹೊತ್ತೂ ಬೆಳೆಯುತ್ತಿತ್ತು, ಎಸ್.ಟಿ.ಡಿ. ಮೀಟರೂ ಓಡುತ್ತಿತ್ತು. ಹೀಗಾಗಿ ಪತ್ರಿಕೆಗೆ ಬರೆಯುವವರು ದಪ್ಪ ನಿಬ್ಬಿನಲ್ಲಿ, ದೊಡ್ಡಕ್ಷರದಲ್ಲಿ, ಸಾಲು ಬಿಟ್ಟು ಬರೆಯುವುದನ್ನು ರೂಢಿಸಿಕೊಂಡರು. ತಡರಾತ್ರಿ ಎಸ್.ಟಿ.ಡಿ. ದರ ಕಾಲುಭಾಗಕ್ಕೆ ಇಳಿಯುವವರೆಗೆ ಕಾದು ಕಳಿಸುವುದೂ ಇತ್ತು.

1995ರ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ಜನಸಾಮಾನ್ಯರಿಗೆ ಇಂಟರ್ನೆಟ್ ತೆರೆದಾಗ, ಅದೂ ಇದೇ ತಾಮ್ರದ ಜೋಡಿಯ ಮೇಲೆ, ಇದೇ ಬಗೆಯ ಮೋಡೆಮ್ ಸ್ವರಗಳ ಮೂಲಕವೇ ಬಂತು. ಫ್ಯಾಕ್ಸನ್ನು ಹಿಂದಕ್ಕೆ ತಳ್ಳಿದ ಇಮೇಲ್ ಫ್ಯಾಕ್ಸ್‌ನಂಥದೇ ಮಾತುಕತೆಯ ಕ್ರಮವನ್ನು ಏರಿ ಮನೆಯೊಳಗೆ ಬಂದದ್ದು. ಮೊಬೈಲ್ ಬಂದ ಮೇಲೆ ಹೊಸ ತೊಡಕು ಎದುರಾಯಿತು. ಮೊಬೈಲ್ ಮತ್ತು ಇಂಟರ್ನೆಟ್ ಕರೆಗಳು ದನಿಯನ್ನು ಹಿಂಡಿ ಕಳಿಸುವಾಗ ಮನುಷ್ಯರ ಕಿವಿಗೆ ಬೇಕಾದಷ್ಟನ್ನು ಮಾತ್ರ ಉಳಿಸುತ್ತವೆ. ಮೋಡೆಮ್ ಸ್ವರದ ಸೂಕ್ಷ್ಮ ಏರಿಳಿತ ಅದರಲ್ಲಿ ಅಳಿದುಹೋಗುತ್ತದೆ. ಇದಕ್ಕೆ 1998ರಲ್ಲಿ ಟಿ.38 ಎಂಬ ಪರಿಹಾರ ಬಂತು. ಸ್ವರವನ್ನು ಹೊಸ್ತಿಲಲ್ಲೇ ಬಿಡಿಸಿ ಬಿಟ್‌ಗಳನ್ನು ಇಂಟರ್ನೆಟ್ ಮೂಲಕ ಕಳಿಸಿ, ಆಚೆಯ ಹೊಸ್ತಿಲಲ್ಲಿ ಮತ್ತೆ ಸ್ವರವಾಗಿಸುವ ಕ್ರಮ. ಯಂತ್ರಗಳಿಗೆ ತಾವಿನ್ನೂ ಫೋನ್ ಲೈನಿನಲ್ಲೇ ಇದ್ದೇವೆಂಬಂತೆ ತೋರುತ್ತದೆ.

ಬ್ರಿಟನ್ನಿನ ಆರೋಗ್ಯ ಸೇವೆ 2019ರಿಂದ ಹೊಸ ಫ್ಯಾಕ್ಸ್ ಯಂತ್ರ ಕೊಳ್ಳುವುದನ್ನು ನಿಲ್ಲಿಸಿತು. ನಮ್ಮಲ್ಲಿ 2018ರ ನವೆಂಬರಿನಲ್ಲಿ ಜಮ್ಮು-ಕಾಶ್ಮೀರದಲ್ಲಿ ಸರಕಾರ ರಚನೆಯ ಪತ್ರ ರಾಜಭವನದ ಫ್ಯಾಕ್ಸ್‌ಗೆ ಹೋಗುತ್ತಿಲ್ಲ ಎಂದು ಮೆಹಬೂಬಾ ಮುಫ್ತಿ ಹೇಳಿದರು, ರಜಾದಿನವಾದ್ದರಿಂದ ಯಂತ್ರದ ಬಳಿ ಯಾರೂ ಇರಲಿಲ್ಲ ಎಂದು ರಾಜ್ಯಪಾಲರು ಉತ್ತರಿಸಿದರು. ಅಷ್ಟು ಹೊತ್ತಿಗೂ ಫ್ಯಾಕ್ಸ್ ಆ ಮಟ್ಟದ ವ್ಯವಹಾರದಲ್ಲಿ ಉಳಿದಿತ್ತು. ಯಂತ್ರ ಮರೆಯಾದರೂ ಅದರ ಗಣಿತ ಉಳಿದಿದೆ. ಗ್ರೂಪ್ 3 ಮತ್ತು ಗ್ರೂಪ್ 4ರ ಸಂಕೇತಕ್ರಮಗಳು ಇವತ್ತಿನ ಟಿಫ್ ಮತ್ತು ಪಿ.ಡಿ.ಎಫ್. ಕಡತಗಳ ನಿಯಮದೊಳಗೆ ಹಾಗೇ ಇವೆ. ಕಪ್ಪು ಬಿಳುಪಿನಲ್ಲಿ ಸ್ಕ್ಯಾನ್ ಮಾಡಿದ ಎಷ್ಟೋ ಹಳೆಯ ದಾಖಲೆಗಳು ಆ ಲೆಕ್ಕದಲ್ಲೇ ಕೂಡಿಟ್ಟಂಥವು.

ಉಳಿಯದೆ ಹೋಗುತ್ತಿರುವುದು ಕಾಗದ. ಆ ಕಾಲದ ಹೆಚ್ಚಿನ ಯಂತ್ರಗಳಲ್ಲಿ ಶಾಯಿ ಇರಲಿಲ್ಲ. ಬಿಸಿ ತಾಗಿದಲ್ಲಿ ಕಪ್ಪಾಗುವ ಥರ್ಮಲ್ ರೋಲ್ ಇತ್ತು. ಅದರ ಬಣ್ಣ ಬೆಳಕಿಗೆ, ಸೆಕೆಗೆ, ಪ್ಲಾಸ್ಟಿಕ್ ಕವರಿನ ರಾಸಾಯನಿಕಕ್ಕೆ ಮಸುಕಾಗಿ ಕೆಲವೇ ವರ್ಷಗಳಲ್ಲಿ ಪುಟ ಬಿಳಿಯಾಗುತ್ತದೆ. ತಿಳಿದವರು ಬಂದ ಫ್ಯಾಕ್ಸನ್ನು ಆಗಲೇ ಜೆರಾಕ್ಸ್ ಮಾಡಿಸಿ ಫೈಲಿಗೆ ಹಾಕುತ್ತಿದ್ದರು, ಎಲ್ಲರೂ ಮಾಡಿಸಲಿಲ್ಲ. ಮುಂಬಯಿಯ ಕನ್ನಡ, ತುಳು ಸಂಘಗಳ ಕಪಾಟುಗಳಲ್ಲಿ, ಹೋಟೆಲಿನ ಹಳೆಯ ಫೈಲುಗಳಲ್ಲಿ, ಮನೆಯ ಟ್ರಂಕಿನಲ್ಲಿ ತೊಂಬತ್ತರ ದಶಕದ ನುಣುಪು ಸುರುಳಿ ಕಾಗದ ಕಂಡರೆ ದಯವಿಟ್ಟು ಮುಂದೂಡಬೇಡಿ. ಪ್ಲಾಸ್ಟಿಕ್ ಕವರಿನಿಂದ ಹೊರಗೆ ತೆಗೆಯಿರಿ, ಮಡಿಕೆ ಬಿಡಿಸಲು ಇಸ್ತ್ರಿ ತಾಗಿಸಬೇಡಿ, ಇಡೀ ಕಾಗದ ಕಪ್ಪಾಗುತ್ತದೆ. ಇವತ್ತೇ ಮೊಬೈಲಿನಲ್ಲಾದರೂ ಒಳ್ಳೆಯ ಬೆಳಕಿನಲ್ಲಿ ಫೋಟೋ ತೆಗೆದು, ಯಾರು ಯಾರಿಗೆ ಯಾವಾಗ ಕಳಿಸಿದ್ದೆಂದು ಬರೆದಿಡಿ. ಪುಟದ ನೆತ್ತಿಯ ಸಣ್ಣ ಗೆರೆಯಲ್ಲಿ ಕಳಿಸಿದ ಯಂತ್ರವೇ ದಿನಾಂಕ, ಸಮಯ, ನಂಬರು ಮುದ್ರಿಸಿರುತ್ತದೆ. ಫೋಟೋದಲ್ಲಿ ಆ ಗೆರೆಯನ್ನು ಬಿಡಬೇಡಿ.